ರಾಯರ ಕೈ ನೋಡಿ ಕಲಿತ ಕೆಲಸ

ನನ್ನ ಅಣ್ಣನ ಮೊಮ್ಮಗಳು ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಮಾಗಳದ ನಮ್ಮ ಓಣಿಯಲ್ಲಿ ಆ ಓದು ಓದಿದವಳು ಅವಳೇ ಮೊದಲು. ಯುಗಾದಿಗೆ ಊರಿಗೆ ಬಂದಾಗ ಕೇಳಿದಳು: "ಅಜ್ಜಾ, ಈಗ ಪಿಸಿಆರ್ ಐತಿ. ದನದ ಬಾಯಿಂದ ಒಂದೀಟು ಜೊಲ್ಲು ಸಿಕ್ಕರ ಸಾಕು, ಯಾವ ವೈರಸ್ಸು ಅಂತ ಅವತ್ತೇ ಗೊತ್ತಾಕ್ಕತಿ. ನೀವು ಅಷ್ಟು ವರ್ಷ ಬಾಟ್ಲಿ ತೊಳಕೋಂತ, ಸೆಲ್ಸ್ ಸಾಕ್ಕೋಂತ ಕುಂತಿದ್ದು ಯಾಕ?"

ಕೆಣಕಲು ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ್ದು. ಹೋಳಿಗೆಯ ಊಟದ ಮುಂದೆ ಕೂತು ಎರಡು ಮಾತು ಹೇಳಿದೆ. ಅದು ಸಾಲದು ಎಂದು ಅಂದಿನಿಂದ ಅನ್ನಿಸುತ್ತಿದೆ. ನಾವು ಬಾಟಲಿ ತೊಳೆಯುತ್ತಿದ್ದ ಕೋಣೆಯನ್ನು ಕೆಡವಿದರೆಂದು ಹಳೆಯ ಜೊತೆಗಾರರೊಬ್ಬರು ಫೋನಿನಲ್ಲಿ ತಿಳಿಸಿದ ಮೇಲಂತೂ ಬರೆದೇ ತೀರಬೇಕೆನಿಸಿತು. ಪ್ರಯೋಗಾಲಯದ ರಿಜಿಸ್ಟರುಗಳಲ್ಲಿ ತಾರೀಖು, ಬಾಟಲಿಯ ನಂಬರು ಎಲ್ಲ ಇರಬಹುದು. ಆ ಕೋಣೆಯಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಮಾತ್ರ ಯಾವ ರಿಜಿಸ್ಟರಿನಲ್ಲೂ ಇಲ್ಲ.

ತುರ್ತುಪರಿಸ್ಥಿತಿ ಮುಗಿದ ಹೊಸದರಲ್ಲಿ ನಾನು ಊರು ಬಿಟ್ಟು ಬೆಂಗಳೂರಿನ ಪಶುರೋಗ ಪ್ರಯೋಗಾಲಯವೊಂದಕ್ಕೆ ಸೇರಿದೆ. ಮಾಗಳವಿರುವ ನಮ್ಮ ಹಡಗಲಿ ತಾಲೂಕು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ಎತ್ತುಗಳ ಸೀಮೆ ನಮ್ಮದು. ಮೈಲಾರಕ್ಕೆ, ಕುರುವತ್ತಿಗೆ ಬಂಡಿ ಕಟ್ಟಿಕೊಂಡು ಹೋದವರ ಮನೆಯಲ್ಲಿ ಹುಟ್ಟಿದವನು ನಾನು. ಕಾಲುಬಾಯಿ ಬ್ಯಾನಿ ಬಂದ ವರ್ಷ ಏನಾಗುತ್ತಿತ್ತೆಂದು ನನ್ನ ವಾರಿಗೆಯವರಿಗೆ ಹೇಳಬೇಕಿಲ್ಲ. ಗೊರಸು ಬಿರಿದ ಎತ್ತುಗಳನ್ನು ತುಂಗಭದ್ರೆಯ ಬಿಸಿ ಮರಳಿನಲ್ಲಿ ನಿಲ್ಲಿಸುತ್ತಿದ್ದರು, ಹುಣ್ಣಿಗೆ ಬೇವಿನೆಣ್ಣೆ ಹಚ್ಚುತ್ತಿದ್ದರು. ನಾಲಿಗೆಯ ಚರ್ಮ ಕಿತ್ತು ಬಂದ ದನ ಗೋದಲಿಯ ಮುಂದೆ ಮೇವು ನೋಡುತ್ತಾ ಜೊಲ್ಲು ಸುರಿಸಿಕೊಂಡು ನಿಂತಿರುತ್ತಿತ್ತು. ದೊಡ್ಡ ದನ ಸಾಯುವುದು ಕಡಿಮೆ, ಕರು ಉಳಿಯುವುದು ಕಡಿಮೆ. ಮುಂಗಾರಿನಲ್ಲಿ ಬಂದರೆ ಆ ವರ್ಷದ ಬಿತ್ತನೆ ಹೋದಂತೆಯೇ.

ಆ ರೋಗದ ವೈರಸ್ಸನ್ನು ಹಿಡಿದು ಅದರ ಜಾತಿ ಯಾವುದೆಂದು ಗುರುತಿಸುವುದು ನಮ್ಮ ಕೆಲಸ. ಬ್ಯಾಕ್ಟೀರಿಯಾ ಆದರೆ ಮಾಂಸದ ಸಾರಿನಲ್ಲೂ ಬೆಳೆಯುತ್ತದೆ. ವೈರಸ್ ಹಾಗಲ್ಲ, ಅದು ಬೆಳೆಯಲು ಜೀವಂತ ಕೋಶವೇ ಬೇಕು. ಹಾಗಾಗಿ ವೈರಸ್ಸಿಗೆ ಕೈ ಹಾಕುವ ಮೊದಲು ಕೋಶ ಸಾಕುವುದನ್ನು ಕಲಿಯಬೇಕಿತ್ತು. ನನಗೆ ಅದನ್ನು ಕಲಿಸಿದವರು ನಮ್ಮ ಸೀನಿಯರ್ ಟೆಕ್ನೀಷಿಯನ್. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಡಿಗ್ರಿ ಇರಲಿಲ್ಲ. ಡಾಕ್ಟರೇಟ್ ಪಡೆದು ವಿದೇಶದಿಂದ ಬಂದ ವಿಜ್ಞಾನಿಗಳು ಕೂಡ ಬಾಟಲಿ ಹಿಡಿದು ಅವರ ಮೇಜಿನ ಹತ್ತಿರ ಬಂದು, "ರಾಯರೇ, ಇದು ಆರೋಗ್ಯವಾಗಿದೆಯಾ ನೋಡಿ" ಎಂದು ಕೇಳುತ್ತಿದ್ದರು.

ಮೊದಮೊದಲು ನಾವು ಬೆಳೆಸುತ್ತಿದ್ದುದು ಕುರಿಯ ಮೂತ್ರಪಿಂಡದ ಕೋಶಗಳನ್ನು. ಅದಕ್ಕಾಗಿ ಬೆಳಕು ಹರಿಯುವ ಮುಂಚೆ ಟ್ಯಾನರಿ ರಸ್ತೆಯ ಕಸಾಯಿಖಾನೆಗೆ ಹೋಗಬೇಕಿತ್ತು. ಅಲ್ಲಿ ನಡೆದ ಒಂದು ವ್ಯಾಪಾರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮಗೆ ಬೇಕಿದ್ದುದು ಕೊಬ್ಬಿನ ಪೊರೆ ಹರಿಯದ, ಚಾಕು ತಾಗದ ಇಡೀ ಮೂತ್ರಪಿಂಡ. ಒಂದು ಗೀರು ಬಿದ್ದರೂ ಕೊಳೆ ಒಳಗೆ ಹೋಗಿ ಎಲ್ಲ ಬಾಟಲಿಗಳೂ ಕೆಡುತ್ತವೆ. ಅಲ್ಲಿನ ಹಿರಿಯ ಕಸಾಯಿಗೆ ಇದೆಲ್ಲ ಬರಿಯ ಕಿರಿಕಿರಿ. "ಹೋಟ್ಲೋರು ಕಾಯ್ತಾ ಅವ್ರೆ ಸ್ವಾಮಿ, ನಿಮ್ಗೋಸ್ಕರ ಒಂದೊಂದೂ ಬಿಡಿಸ್ತಾ ಕೂತ್ರೆ ನನ್ ಕೆಲ್ಸ ಯಾರ್ ಮಾಡ್ತಾರೆ?" ಎಂದ. ದರ ಇಳಿಸಲು ರಾಯರು ಚೌಕಾಸಿ ಮಾಡುತ್ತಾರೆಂದು ನಾನು ಕಾದಿದ್ದೆ. ಅವರು ಏರಿಸಿದರು. "ಹೋಟ್ಲೋರು ಕೊಡೋದಕ್ಕಿಂತ ಎರಡು ರೂಪಾಯಿ ಹೆಚ್ಚಿಗೆ ತಗೋ ಭಾಯ್. ಚಾಕು ಮಾತ್ರ ತಾಗಿಸಬೇಡ."

ಆತ ಸ್ವಲ್ಪ ಹೊತ್ತು ರಾಯರ ಮುಖವನ್ನೇ ನೋಡಿದ. ಆಮೇಲೆ ದುಡ್ಡಿನ ಮಾತು ಬಿಟ್ಟು, "ಇದ್ರಿಂದ ಏನ್ ಮಾಡ್ತೀರ, ಅದು ಹೇಳಿ ಮೊದ್ಲು" ಎಂದ. ರಾಯರು ಒದ್ದೆ ಕಲ್ಲಿನ ಮೇಲೆ ನಿಂತುಕೊಂಡೇ ಹೇಳಿದರು. ಇದನ್ನು ಸಣ್ಣಗೆ ಕತ್ತರಿಸಿ, ಕೋಶಗಳನ್ನು ಬಿಡಿಬಿಡಿಯಾಗಿಸಿ, ಗಾಜಿನ ಮೇಲೆ ಬೆಳೆಸುತ್ತೇವೆ. ಆಮೇಲೆ ದನದ ರೋಗವನ್ನು ಅದರೊಳಗೆ ಬಿಟ್ಟು ಏನಾಗುತ್ತದೆಂದು ನೋಡುತ್ತೇವೆ ಎಂದರು. ಮರುದಿನದಿಂದ ನಮ್ಮ ಪಾಲಿನ ಮೂತ್ರಪಿಂಡಗಳು ಪೊರೆ ಸಮೇತ ಬೇರೆ ತಟ್ಟೆಯಲ್ಲಿ ಕಾದಿರುತ್ತಿದ್ದವು. ಬೇರೆ ಯಾರೂ ಅವುಗಳನ್ನು ಮುಟ್ಟದಂತೆ ಆತನೇ ನೋಡಿಕೊಂಡ.

ಇಷ್ಟು ಕಷ್ಟಪಟ್ಟು ತಂದರೂ ಆ ಕೋಶಗಳನ್ನು ನಂಬುವಂತಿರಲಿಲ್ಲ. ಇಂದಿನ ಕುರಿಯದು ಒಂದು ಥರ, ನಾಳಿನದು ಇನ್ನೊಂದು ಥರ. ಕೆಲವು ಕುರಿಗಳ ಮೂತ್ರಪಿಂಡದಲ್ಲಿ ಮೊದಲೇ ಬೇರೆ ವೈರಸ್ ಅಡಗಿರುತ್ತಿತ್ತು. ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹಂಚುತ್ತಾ ಹೋದರೆ ಕೆಲವು ಸುತ್ತಿನಲ್ಲೇ ಮುದಿಯಾಗಿ ಬೆಳವಣಿಗೆ ನಿಲ್ಲಿಸುತ್ತಿದ್ದವು. ಮತ್ತೆ ಕಸಾಯಿಖಾನೆಗೇ ಹೋಗಬೇಕು.

ಈ ಅವಸ್ಥೆಯಿಂದ ನಮ್ಮನ್ನು ಪಾರುಮಾಡಿದ್ದು ಸೆಲ್ ಲೈನ್. ಎಂದರೆ, ಹಂಚಿದಷ್ಟೂ ಬೆಳೆಯುತ್ತಾ ಹೋಗುವ ಕೋಶಗಳ ವಂಶ. ಇಂಥದ್ದು ಮನುಷ್ಯರ ಕೋಶದಲ್ಲಿ ಮೊದಲು ಸಾಧ್ಯವಾದದ್ದು 1951ರಲ್ಲಿ, ಅಮೆರಿಕದಲ್ಲಿ. ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳ ಗೆಡ್ಡೆಯಿಂದ, ಆಕೆಯನ್ನು ಕೇಳದೆಯೇ ತೆಗೆದ ಹೀಲಾ ಕೋಶಗಳು ಅವು. ನಮ್ಮ ಕೈಗೆ ಬಂದದ್ದು ಬಿಎಚ್‌ಕೆ-21. 1961ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಫರ್ಸನ್ ಮತ್ತು ಸ್ಟೋಕರ್ ಎಂಬ ವಿಜ್ಞಾನಿಗಳು ಒಂದು ದಿನದ ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದಿಂದ ಬೆಳೆಸಿದ್ದು. ಹ್ಯಾಮ್‌ಸ್ಟರ್ ಎಂದರೆ ಇಲಿಯ ಬಳಗದ ಒಂದು ಪುಟ್ಟ ಪ್ರಾಣಿ. ಕಾಲುಬಾಯಿ ರೋಗದ ವೈರಸ್ ಈ ಕೋಶಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದು ಮರುವರ್ಷವೇ ಇಂಗ್ಲೆಂಡಿನಲ್ಲಿ ಕಂಡುಕೊಂಡರು. ಆವರೆಗೆ ಯುರೋಪಿನಲ್ಲಿ ಈ ರೋಗದ ಲಸಿಕೆಗೆಂದು ಕಡಿದ ದನಗಳ ನಾಲಿಗೆಯ ಚರ್ಮವನ್ನು ರಾಶಿಗಟ್ಟಲೆ ಕೂಡಿಹಾಕಿ, ಅದರಲ್ಲಿ ವೈರಸ್ ಬೆಳೆಸುತ್ತಿದ್ದರು. ಅದೇ 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ವೆರೋ ಎಂಬ ಇನ್ನೊಂದು ಸೆಲ್ ಲೈನ್ ಹುಟ್ಟಿತು. ಇವತ್ತು ನಮ್ಮ ಕುರಿಗಾರರು ಹಿಂಡಿಗೆ ಹಾಕಿಸುವ ಪಿಪಿಆರ್ ರೋಗದ ಲಸಿಕೆ ಬೆಳೆಯುವುದು ವೆರೋ ಕೋಶಗಳಲ್ಲೇ.

ಬಿಎಚ್‌ಕೆ ಬಂದ ಮೇಲೆ ನಮ್ಮ ಬದುಕೆಲ್ಲ ರೂ ಬಾಟಲಿಯ ಸುತ್ತ. ರೂ ಬಾಟಲಿ ಎಂದರೆ ಚಪ್ಪಟೆ ಗಾಜಿನ ದೊಡ್ಡ ಬಾಟಲಿ. ಅದನ್ನು ಮಲಗಿಸಿಟ್ಟರೆ ಅಡಿಯ ಗಾಜಿನ ಮೇಲೆ ಕೋಶಗಳು ಒಂದೇ ಪದರವಾಗಿ ಹರಡಿಕೊಂಡು ಬೆಳೆಯುತ್ತವೆ. ಗಾಜಿನಲ್ಲಿ ಸೋಪಿನ ಪಸೆ ಉಳಿದಿದ್ದರೆ ಒಂದು ಕೋಶವೂ ಅಂಟುವುದಿಲ್ಲ. ಅದಕ್ಕೇ ತೊಳೆಯುವ ಕೋಣೆಗೆ ಅಷ್ಟು ಮರ್ಯಾದೆ. ಬಳಸಿದ ಬಾಟಲಿಯನ್ನು ಮೊದಲು ಆಟೋಕ್ಲೇವಿನಲ್ಲಿ ಬೇಯಿಸಬೇಕು. ಕ್ರೋಮಿಕ್ ಆಸಿಡ್ಡಿನಲ್ಲಿ ನೆನೆಸಬೇಕು. ಟೀಪಾಲ್ ಎಂಬ ಸೋಪಿನ ದ್ರವ ಹಾಕಿ ಬ್ರಷ್ಷಿನಿಂದ ಉಜ್ಜಬೇಕು. ನಲ್ಲಿ ನೀರಿನಲ್ಲಿ ಎಷ್ಟು ಸಲ ಜಾಲಿಸಿದರೂ ರಾಯರು "ಇನ್ನೊಂದು ಸಲ" ಎನ್ನುವರು. ಕೊನೆಗೆ ಎರಡು ಸಲ ಭಟ್ಟಿ ಇಳಿಸಿದ ನೀರು. ಒಣಗಿದ ಮೇಲೆ ಬಾಯಿಗೆ ಹತ್ತಿಯ ಬಿರಡೆ ಇಟ್ಟು, ಬ್ರೌನ್ ಪೇಪರ್ ಸುತ್ತಿ, ಹುರಿಯಿಂದ ಕಟ್ಟಿ ಹಾಟ್ ಏರ್ ಓವನ್ನಿಗೆ.

ಆ ಓವನ್ನಿನ ಬಾಗಿಲು ತೆಗೆದಾಗ ಬರುತ್ತಿದ್ದ ವಾಸನೆಯನ್ನು ನಾನು ಮರೆಯಲಾರೆ. ಸೀದೂ ಸೀಯದ ಕಾಗದ, ಕಾದ ಹತ್ತಿ, ಬಿಸಿ ಗಾಜು, ಜೊತೆಗೆ ಒದ್ದೆ ನೆಲದಿಂದ ಏಳುವ ಟೀಪಾಲಿನ ಘಾಟು. ಹಡಗಲಿ ಮಲ್ಲಿಗೆಯ ನಾಡಿನಿಂದ ಬಂದ ನನಗೆ ಆ ವಾಸನೆ ಹೇಗೆ ಹಿಡಿಸಿತೋ ಕಾಣೆ. ಕಾಗದ ಹದವಾಗಿ ಕಂದಿದೆ ಎಂದರೆ ಒಳಗಿನ ಗಾಜು ಶುದ್ಧ, ನಾಳೆಯ ಕೆಲಸಕ್ಕೆ ಭಯವಿಲ್ಲ. ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಆ ವಾಸನೆಯ ಒಂದು ಎಳೆ ಬಂದರೆ ಈಗಲೂ ನನ್ನ ಕಾಲು ತಡೆಯುತ್ತದೆ.

ಕೋಶಗಳಿಗೆ ಹಾಕುವ ಮೀಡಿಯಂ ಎಂಬುದು ಉಪ್ಪು, ಸಕ್ಕರೆ, ಅಮೈನೋ ಆಮ್ಲ, ಜೀವಸತ್ವ ಸೇರಿದ ನೀರು. ಅದಕ್ಕೆ ಶೇ. 10ರಷ್ಟು ಸೀರಂ (ರಕ್ತದ ತಿಳಿ), ಮೇಲೆ ಪೆನ್ಸಿಲಿನ್, ಸ್ಟ್ರೆಪ್ಟೊಮೈಸಿನ್. ಫೀನಾಲ್ ರೆಡ್ ಎಂಬ ಬಣ್ಣವನ್ನೂ ಸೇರಿಸಿರುತ್ತಾರೆ. ಅರಿಶಿನ ನೀರಿಗೆ ಸುಣ್ಣ ಬಿದ್ದರೆ ಕೆಂಪು ಓಕುಳಿ, ಅದೇ ಓಕುಳಿಗೆ ನಿಂಬೆ ಹಿಂಡಿದರೆ ಮತ್ತೆ ಹಳದಿ. ಈ ಬಣ್ಣದ ಗುಣವೂ ಅದೇ. ಕೋಶಗಳು ತಿಂದು ಬೆಳೆದಂತೆ ಹುಳಿ ಬಿಡುತ್ತವೆ, ಕೆಂಪು ನಿಧಾನಕ್ಕೆ ಕಿತ್ತಳೆಗೆ ಇಳಿಯುತ್ತದೆ. ಆಗ ಮೀಡಿಯಂ ಬದಲಿಸಬೇಕು. ರಾತ್ರಿ ಬೆಳಗಾಗುವುದರೊಳಗೆ ಹಳದಿಯಾಗಿ ಕದಡಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ. ಗುಲಾಬಿಗೆ ತಿರುಗಿ ಅಲ್ಲೇ ನಿಂತಿದ್ದರೆ ಕೋಶ ಬೆಳೆಯುತ್ತಿಲ್ಲ. ರಾಯರು ಬೆಳಿಗ್ಗೆ ಇನ್‌ಕ್ಯುಬೇಟರ್ ತೆಗೆದು, ಒಂದೊಂದೇ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಈ ಬಣ್ಣ ನೋಡುತ್ತಿದ್ದರು. ಮೈಕ್ರೋಸ್ಕೋಪು ಆಮೇಲೆ. ಅದು ಮುಗಿಯುವ ತನಕ ಕಾಫಿ ಕುಡಿಯುತ್ತಿರಲಿಲ್ಲ, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಅವರು ಬಾಟಲಿ ಹಂಚುವುದನ್ನು ನೋಡಬೇಕಿತ್ತು. ಗಾಜಿನ ಅಡಿ ತುಂಬಿಕೊಂಡ ಕೋಶಗಳನ್ನು ಬಿಡಿಸಿ ಹೊಸ ಬಾಟಲಿಗಳಿಗೆ ಹಾಕುವ ಕೆಲಸ ಅದು. ಹಳೆಯ ಮೀಡಿಯಂ ಚೆಲ್ಲಿ, ಉಪ್ಪುನೀರಿನಿಂದ ಒಮ್ಮೆ ತೊಳೆದು, ಬೆಚ್ಚಗಿನ ಟ್ರಿಪ್ಸಿನ್ ಹಾಕುವರು. ಟ್ರಿಪ್ಸಿನ್ ಕೋಶಗಳನ್ನು ಗಾಜಿಗೆ ಹಿಡಿದಿಟ್ಟ ಅಂಟನ್ನು ಕರಗಿಸುತ್ತದೆ. ಕಡಿಮೆ ಹೊತ್ತಾದರೆ ಬಿಡುವುದಿಲ್ಲ, ಜಾಸ್ತಿಯಾದರೆ ಕೋಶವೇ ಹಾಳು. ನಾವು ಗಡಿಯಾರ ನೋಡುತ್ತಿದ್ದೆವು. ರಾಯರು ಬಾಟಲಿಯನ್ನು ಓರೆಯಾಗಿ ಹಿಡಿದು ಗಾಜನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ಕಣ್ಣಿಗೆ ಬೀಳದ ಪದರ ಒಂದು ಗಳಿಗೆಯಲ್ಲಿ ಮಂಜುಮಂಜಾಗಿ ಕಾಣುತ್ತದೆ. ತಕ್ಷಣ ಟ್ರಿಪ್ಸಿನ್ ಚೆಲ್ಲಿ, ಮೇಲುಗಡೆ ಉಳಿದ ಪಸೆಯಲ್ಲೇ ಸ್ವಲ್ಪ ಹೊತ್ತು ಬಿಟ್ಟು, ಅಂಗೈಯ ಬುಡದಿಂದ ಬಾಟಲಿಯ ಪಕ್ಕಕ್ಕೆ ಒಂದೇ ಒಂದು ಏಟು. ಪದರವೆಲ್ಲ ಒಟ್ಟಿಗೇ ಜಾರಿ ಇಳಿಯುತ್ತಿತ್ತು. ಪಿಪೆಟ್ಟಿನಲ್ಲಿ ಎರಡು ಮೂರು ಸಲ ಎಳೆದು ಬಿಟ್ಟರೆ ಕೋಶ ಕೋಶವೂ ಬೇರೆ ಬೇರೆ. ಎಣಿಕೆಯ ಗಾಜಿನಲ್ಲಿ ನೀಲಿ ಬಣ್ಣ ಹಾಕಿ ನೋಡಿದರೆ ಸತ್ತ ಕೋಶ ಮಾತ್ರ ನೀಲಿಯಾಗುತ್ತದೆ. ರಾಯರ ಬಾಟಲಿಯಲ್ಲಿ ನೀಲಿ ಹುಡುಕಬೇಕಾಗುತ್ತಿತ್ತು.

ಆ ಕೋಶಗಳ ಮೇಲೆ ನಾಡಿನ ದನಗಳ ನೋವೆಲ್ಲ ಬಂದು ಬೀಳುತ್ತಿತ್ತು. ತಾಲೂಕಿನ ದನದ ದವಾಖಾನೆಗಳಿಂದ ಗ್ಲಿಸರಿನ್ ಬಫರಿನಲ್ಲಿ ಮುಳುಗಿಸಿದ ನಾಲಿಗೆ ಚರ್ಮದ ಚೂರುಗಳು ಬರುತ್ತಿದ್ದವು. ಒಂದು ಸಲ ಬಂದ ಶೀಶೆಯ ಚೀಟಿಯಲ್ಲಿ ನಮ್ಮ ಪಕ್ಕದ ಊರಿನ ಹೆಸರಿತ್ತು. ಶುದ್ಧ ಮರಳು ಹಾಕಿ ಆ ಚೂರನ್ನು ಒರಳಿನಲ್ಲಿ ಅರೆದೆ. ತಿಳಿಯನ್ನು ಬಿಎಚ್‌ಕೆ ಪದರದ ಮೇಲೆ ಹಾಕಿ, ಒಂದು ತಾಸು ಬಿಟ್ಟು, ಸೀರಂ ಇಲ್ಲದ ಮೀಡಿಯಂ ತುಂಬಿ ಇನ್‌ಕ್ಯುಬೇಟರಿನಲ್ಲಿಟ್ಟೆ. ಮರುದಿನ ನೋಡಿದರೆ ನೀಳವಾಗಿ ಹರಡಿಕೊಂಡಿದ್ದ ಕೋಶಗಳು ದುಂಡಗಾಗಿ ಗಾಜು ಬಿಟ್ಟು ತೇಲುತ್ತಿದ್ದವು. ಪರೀಕ್ಷೆ ಮುಗಿದಾಗ ವೈರಸ್ಸಿನ ಜಾತಿ 'ಓ' ಎಂದು ಬಂತು. ದವಾಖಾನೆಗೆ ಕಾಗದ ಹೋಯಿತು. ಕಾಗದ ಮುಟ್ಟುವ ಹೊತ್ತಿಗೆ ರೋಗ ಊರನ್ನು ಸುತ್ತಿ ಮುಂದಿನ ಊರಿಗೆ ದಾಟಿತ್ತು.

ವೈರಸ್ ಮುಟ್ಟಿದವರು ಕೆಲವು ದಿನ ದನ, ಕುರಿ, ಆಡುಗಳ ಹತ್ತಿರ ಸುಳಿಯಬಾರದು ಎಂಬುದು ರಾಯರ ಕಟ್ಟುನಿಟ್ಟಿನ ನಿಯಮ. ರೋಗ ಮನುಷ್ಯರಿಗೆ ತಗಲದಿದ್ದರೂ ವೈರಸ್ ಮೂಗಿನಲ್ಲಿ, ಬಟ್ಟೆಯಲ್ಲಿ ಕೂತು ಹೋಗಬಲ್ಲದು. ಕುರುವತ್ತಿ ಜಾತ್ರೆಗೆ ಊರಿಗೆ ಹೋದರೆ ನಾನು ದನದಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹೊಸ ಎತ್ತಿನ ಜೋಡಿ ತಂದ ವರ್ಷ ನಮ್ಮಪ್ಪ ಕರೆದ: "ಬಾರಪಾ, ಒಂದು ಸಲ ಮೈ ಮುಟ್ಟು." ನಾನು ಅಂಗಳದಲ್ಲೇ ನಿಂತೆ. ಕಾರಣ ಹೇಳಿದೆ. "ಬೆಂಗಳೂರಿಗೆ ಹೋಗಿ ನಮ್ಮ ದನಾನೇ ಮುಟ್ಟದ ಕೆಲ್ಸ ಹಿಡದ್ಯಾ?" ಎಂದು ಅಪ್ಪ ಮುಖ ತಿರುವಿದ. ಆ ನೋವು ಇಬ್ಬರಲ್ಲೂ ಬಹಳ ದಿನ ಇತ್ತು. ಆದರೂ ನಿಯಮ ಮುರಿಯಲಿಲ್ಲ.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಲಾರೆ. ಪಿಪೆಟ್ಟನ್ನು ಬಾಯಿಂದ ಎಳೆಯುತ್ತಿದ್ದೆವು. ನಡುವೆ ತಡೆಗೆ ಇದ್ದುದು ಒಂದು ಚೂರು ಹತ್ತಿ. ಆಸಿಡ್ಡಿನಿಂದ ಬೆರಳು ಸುಟ್ಟುಕೊಳ್ಳದವರು, ಗಾಜು ಒಡೆದು ಕೈ ಕೊಯ್ದುಕೊಳ್ಳದವರು ನಮ್ಮಲ್ಲಿರಲಿಲ್ಲ. ಶುದ್ಧ ಗಾಳಿ ಹಾಯಿಸುವ ಲ್ಯಾಮಿನಾರ್ ಫ್ಲೋ ಇಲ್ಲದ ಮುಚ್ಚಿದ ಗಾಜಿನ ಕೋಣೆಯಲ್ಲಿ ದೀಪದ ಉರಿಯ ಮುಂದೆ ಬೆವರುತ್ತಾ ಕೂರಬೇಕಿತ್ತು. ಮಳೆಗಾಲದಲ್ಲಿ ಬೂಸ್ಟು ಹತ್ತಿ ಸಾಲು ಸಾಲು ಬಾಟಲಿ ಚೆಲ್ಲಿದ್ದೂ ಉಂಟು. ಕರೆಂಟು ಹೋದ ರಾತ್ರಿ ಇನ್‌ಕ್ಯುಬೇಟರಿನ ಬಿಸಿ ಇಳಿಯದಂತೆ ಯಾರಾದರೂ ಎದ್ದು ಕೂರಲೇಬೇಕು. ಸೆಲ್ ಲೈನ್ ಎಂದರೆ ಎಲ್ಲ ಸರಿ ಎಂದೂ ಅಲ್ಲ. ಜಗತ್ತಿನ ಎಷ್ಟೋ ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ಹೆಸರಿನ ಬಾಟಲಿಗಳಲ್ಲಿ ಬೆಳೆಯುತ್ತಿದ್ದದ್ದು ಹೀಲಾ ಕೋಶವೇ ಎಂಬುದು 1960ರ ದಶಕದಲ್ಲೇ ಬಯಲಾಗಿತ್ತು. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಹೊಕ್ಕರೆ ಮೀಡಿಯಂ ಕದಡುವುದೂ ಇಲ್ಲ, ಕೋಶ ಸಾಯುವುದೂ ಇಲ್ಲ. ಫಲಿತಾಂಶ ಮಾತ್ರ ಸುಳ್ಳಾಗುತ್ತದೆ.

ಇಷ್ಟೆಲ್ಲ ಇದ್ದೂ ಆ ದುಡಿಮೆಯಿಂದ ಬಂದದ್ದು ದೊಡ್ಡದು. ಹಿರಿಯರು ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟನ್ನೇ ನೋಡಿ. ಅದು ಹೊಕ್ಕ ಊರಲ್ಲಿ ದನದಮನೆಗಳು ಖಾಲಿಯಾಗುತ್ತಿದ್ದವು. ನಮ್ಮ ದೇಶ 1954ರಿಂದ ಅದರ ವಿರುದ್ಧ ಲಸಿಕೆ ಹಾಕುತ್ತಾ ಬಂತು. ಮೊದಲು ಆಡಿನ ದೇಹದಲ್ಲಿ ಬೆಳೆಸಿದ ಲಸಿಕೆ. ಆಮೇಲೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯ ವಿಜ್ಞಾನಿ ಕೋಶಗಳಲ್ಲಿ ಬೆಳೆಸಿ ಪಳಗಿಸಿದ ಲಸಿಕೆ. ಎಲ್ಲ ತಳಿಗೂ ಹಾಕಬಹುದಾದ, ಒಮ್ಮೆ ಹಾಕಿದರೆ ಜನ್ಮಕ್ಕೆ ಸಾಕಾಗುವ ಲಸಿಕೆ ಅದು. ಭಾರತದಲ್ಲಿ ಕೊನೆಯ ರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಭೂಮಿಯಿಂದಲೇ ಅದು ಹೋಯಿತೆಂದು ಘೋಷಿಸಿದರು. ಮನುಷ್ಯರ ಸಿಡುಬಿನ ನಂತರ ಹೀಗೆ ಪೂರ್ತಿ ನಿರ್ನಾಮವಾದ ಎರಡನೆಯ ರೋಗ ಅದು. ಇಂದು ಮಾಗಳದ ಯಾವ ಹುಡುಗನಿಗೂ ದೊಡ್ಡರೋಗ ಎಂದರೆ ಏನೆಂದು ಗೊತ್ತಿಲ್ಲ. ಬಾಟಲಿ ತೊಳೆದದ್ದು ಯಾಕೆ ಎಂದರೆ ಮೊದಲು ನಾನು ತೋರಿಸುವುದು ಇದನ್ನು.

ನನ್ನ ಕಣ್ಣ ಮುಂದೆಯೇ ಎಲ್ಲ ಬದಲಾಯಿತು. ಹಡಗಲಿಯ ದನದ ದವಾಖಾನೆಯಲ್ಲಿ ಕೃತಕ ಗರ್ಭಧಾರಣೆಗೆ ಇಡುವಂಥದ್ದೇ ದ್ರವ ಸಾರಜನಕದ ಕ್ಯಾನ್ ನಮ್ಮಲ್ಲೂ ಬಂತು. ಮೈನಸ್ 196 ಡಿಗ್ರಿಯಲ್ಲಿ ಕೋಶಗಳು ವರ್ಷಗಟ್ಟಲೆ ಹಾಗೇ ಉಳಿದು, ಬೆಚ್ಚಗಿನ ನೀರಲ್ಲಿ ಕರಗಿಸಿದರೆ ಮತ್ತೆ ಬೆಳೆಯತೊಡಗುತ್ತವೆ. ಗಾಜು ಹೋಗಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಫ್ಲಾಸ್ಕ್ ಬಂತು. ತೊಳೆಯುವ ಕೋಣೆ ಅಂದೇ ಅನಾಥವಾಯಿತು. ಕಾಲುಬಾಯಿ ಲಸಿಕೆಗೆ ಬಿಎಚ್‌ಕೆ ಕೋಶಗಳನ್ನು ಗಾಜಿಗೆ ಅಂಟಿಸದೆ ಸಾವಿರಾರು ಲೀಟರಿನ ಉಕ್ಕಿನ ತೊಟ್ಟಿಗಳಲ್ಲಿ ತೇಲಿಸಿ ಬೆಳೆಸುತ್ತಾರೆ. ದೇಶದ ಕೋಟಿಗಟ್ಟಲೆ ಡೋಸು ಬರುವುದು ಅಲ್ಲಿಂದ. ವೈರಸ್ಸಿನ ಜಾತಿ ಗುರುತಿಸಲು ಮೊದಲು ಎಲೈಸಾ ಎಂಬ ಪರೀಕ್ಷೆ ಬಂತು, ಈಗ ಪಿಸಿಆರ್. ಪಕ್ಕದ ಊರಿನ ಶೀಶೆಗೆ ಇವತ್ತಾಗಿದ್ದರೆ ಉತ್ತರ ಬೇಗ ಸಿಗುತ್ತಿತ್ತು, ನಾಲ್ಕು ದನ ಉಳಿಯುತ್ತಿದ್ದವು. ಇದು ಒಳ್ಳೆಯದೇ ಆಯಿತು.

ಆದರೆ ಪಿಸಿಆರ್ ಓದುವುದು ವೈರಸ್ಸಿನ ವಂಶವಾಹಿಯ ಬರಹವನ್ನು. ಸತ್ತ ವೈರಸ್ಸಿನಲ್ಲೂ ಆ ಬರಹ ಇರುತ್ತದೆ. ಅದು ಜೀವಂತವಾಗಿದೆಯೇ, ನಾವು ಹಾಕಿದ ಲಸಿಕೆಗೆ ಬಗ್ಗುತ್ತದೆಯೇ ಎಂದು ತಿಳಿಯಲು ಕೋಶ ಬೇಕು. 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ರೋಗ ಹಬ್ಬಿ ಸಾವಿರಾರು ರಾಸುಗಳು ಸತ್ತದ್ದನ್ನು ಮರೆತಿರಾ? ಹಾಗಾದಾಗ ಏಳುವ ಮೊದಲ ಪ್ರಶ್ನೆ, ಲಸಿಕೆಯೊಳಗಿನ ವೈರಸ್ಸಿಗೂ ಹೊಲದಲ್ಲಿರುವ ವೈರಸ್ಸಿಗೂ ಹೊಂದುತ್ತದೆಯೇ ಎಂಬುದು. ಲಸಿಕೆ ಹಾಕಿಸಿಕೊಂಡ ದನದ ಸೀರಂ ಹೊಸ ವೈರಸ್ಸನ್ನು ತಡೆಯುತ್ತದೋ ಇಲ್ಲವೋ ಎಂದು ಬಿಎಚ್‌ಕೆ ಕೋಶಗಳ ಮೇಲೆ ಬಿಟ್ಟು ನೋಡಬೇಕು. ಕೋಶ ಉಳಿದರೆ ಲಸಿಕೆ ಗೆದ್ದಿತು, ಗಾಜು ಬಿಟ್ಟು ತೇಲಿದರೆ ಸೋತಿತು. ಆ ಕೋಶಗಳೇ ಸೊರಗಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ.

ನನ್ನ ಸಿಟ್ಟು ಇಲ್ಲಿದೆ. ಬಾಟಲಿ ನೋಡಿ ಹೇಳಬಲ್ಲ ಕಣ್ಣು ಒಂದು ತಿಂಗಳಲ್ಲಿ ಬರುವುದಿಲ್ಲ. ರಾಯರ ಪಕ್ಕದಲ್ಲಿ ನಿಂತು ನಾಲ್ಕು ಮಳೆಗಾಲ ಕಳೆದ ಮೇಲೆ ನನಗೆ ಟ್ರಿಪ್ಸಿನ್ನಿನ ಬಾಟಲಿ ಕೊಟ್ಟರು. ಈಗ ಪ್ರಯೋಗಾಲಯ ಸೇರುವ ಮಕ್ಕಳಿಗೆ 11 ತಿಂಗಳ ಕರಾರು. ಕೈ ಪಳಗುವ ಹೊತ್ತಿಗೆ ಕರಾರು ಮುಗಿಯುತ್ತದೆ, ಹೊಸಬರು ಬರುತ್ತಾರೆ, ಮತ್ತೆ ಮೊದಲಿಂದ. ಪರದೇಶದಿಂದ ಬರುವ ಅರ್ಧ ಲೀಟರ್ ಸೀರಂಗೆ ಹತ್ತಾರು ಸಾವಿರ ರೂಪಾಯಿ ಕೊಡುವವರು ಅದನ್ನು ಕೋಶಕ್ಕೆ ಹಾಕುವ ಹುಡುಗಿಗೆ ತಿಂಗಳಿಗೆ ಅಷ್ಟು ಕೊಡಲು ಹಿಂದೆಮುಂದೆ ನೋಡುತ್ತಾರೆ. ಬಿಎಚ್‌ಕೆ ಕೋಶಗಳು 60 ವರ್ಷ ದಾಟಿ ಬಾಳಿವೆ. ಅವನ್ನು ಸಾಕುವವರು ಒಂದು ವರ್ಷ ನಿಲ್ಲದಂತೆ ನಾವೇ ನಿಯಮ ಮಾಡಿದ್ದೇವೆ. ಕುರಿ, ದನ ನಂಬಿ ಬದುಕುವ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಮನೆಗಳಿಗೆ ಇದರ ಬಿಸಿ ತಟ್ಟುವುದು ಇನ್ನೊಂದು 2013 ಬಂದಾಗ.

ಅಣ್ಣನ ಮೊಮ್ಮಗಳಿಗೆ ಬೆಂಗಳೂರಿನಲ್ಲಿ ಅಂಥದ್ದೇ ಒಂದು ಕೆಲಸ ಸಿಕ್ಕಿದೆ, ಅದೇ 11 ತಿಂಗಳ ಕರಾರಿಗೆ. ಅವಳಿಗೆ ನಾನು ಹೇಳುವುದು ಇಷ್ಟು: ಯಂತ್ರ ಎಲ್ಲವನ್ನೂ ಬರೆದುಕೊಟ್ಟರೂ ಬೆಳಿಗ್ಗೆ ಮೊದಲು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡವ್ವಾ. ಎಷ್ಟನೆಯ ಸಲ ಹಂಚಿದ್ದು ಎಂದು ನಿನ್ನ ಕೈಯಾರೆ ಬರೆದಿಡು. ಅನುಮಾನ ಬಂದ ಫ್ಲಾಸ್ಕನ್ನು ದುಡ್ಡಿನ ಮುಖ ನೋಡಿ ಉಳಿಸಿಕೊಳ್ಳಬೇಡ. ಅವಳಿಗೆ ಕೆಲಸ ಕೊಟ್ಟವರಿಗೂ ಒಂದು ಮಾತು ಹೇಳುವುದಿದೆ. ಆ ಕೋಶಗಳನ್ನು ಆ ಹುಡುಗಿಯ ಕೈಗೆ ಕನಿಷ್ಠ ಐದು ವರ್ಷ ಕೊಡಿ, ಆಕೆಯ ಪಕ್ಕದಲ್ಲಿ ಕಲಿಯಲು ಇನ್ನೊಬ್ಬರನ್ನು ನಿಲ್ಲಿಸಿ. ರಾಯರು ನನಗೆ ಕಲಿಸಿದ್ದು ಹಾಗೆ. ಈ ಕೆಲಸ ಕಲಿಯಲು ಬೇರೆ ದಾರಿಯನ್ನು ನಾನಂತೂ ಕಂಡಿಲ್ಲ.